ಕಸಾಯಿಖಾನೆ ಪೈಪಿಗೆ ಬಿದ್ದ ಬಿರಡೆ

ಸೋಮವಾರ ಬೆಳಗ್ಗೆ ಎಂಟೂವರೆಗೆ ಕಸಾಯಿಖಾನೆಯ ಮಾಲೀಕ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡೇ ಠಾಣೆಗೆ ಬಂದ. ಹೊಲಸು ನೀರು ಹಿಂದಿನ ಬೀದಿಯ ಕಡೆಗೆ ಹೊರಹೋಗುವ ಪೈಪಿಗೆ ಯಾರೋ ರಾತ್ರೋರಾತ್ರಿ ಸಿಮೆಂಟು ಮೆತ್ತಿದ್ದರು. ರಕ್ತ, ಕರುಳು ತೊಳೆದ ನೀರೆಲ್ಲ ಹಿಂದಕ್ಕೆ ಉಕ್ಕಿ ಅವನ ಆಫೀಸಿಗೇ ನುಗ್ಗಿತ್ತು. ದೂರು ಬರೆಯುತ್ತಿದ್ದ ದಫೇದಾರ ಮೂಗು ಮುಚ್ಚಿಕೊಂಡ.

“ನಿಮಗೆ ಒಂದೇ ದಿನಕ್ಕೆ ಹೀಗಾದ್ರೆ, ಹಿಂದಿನ ಬೀದಿಯವರ ಗತಿ ಏನು ಸ್ವಾಮಿ?”

“ನೀವು ಸುಮ್ನೆ ಬರ್ಕೊಳ್ಳಿ.”

ಎಫ್‌ಐಆರ್ ಆಯಿತು. ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಮೇಡಂ ಸ್ಥಳಕ್ಕೆ ಹೋಗಿ, ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿಸಿದರು. ಪೈಪಿನ ಬಾಯಿ ಇದ್ದದ್ದು ಹಿಂದಿನ ಬೀದಿಯ ಬಾವಿಯಿಂದ ಹತ್ತೇ ಮಾರು ದೂರದ ಗುಂಡಿಯಲ್ಲಿ. ನೊಣ ಮುತ್ತಿ ಗುಂಡಿ ಕಪ್ಪಗಾಗಿತ್ತು. ಬೀದಿಯಲ್ಲಿ ವಿಚಾರಿಸಿದರೆ ಎಲ್ಲರ ಬಾಯಿಗೂ ಬೀಗ. ಒಬ್ಬ ಅಜ್ಜಿ ಮಾತ್ರ, “ಯಾರು ಮಾಡಿದ್ರೋ, ಅವರ ಹೊಟ್ಟೆ ತಣ್ಣಗಿರಲಿ,” ಎಂದು ಬಾಗಿಲು ಹಾಕಿಕೊಂಡಳು.

ಮಂಗಳವಾರ ಇನ್ಸ್‌ಪೆಕ್ಟರ್ ಮತ್ತೆ ಬಂದರು. ಬಿಸಿಲು ಧಗಧಗ ಎನ್ನುತ್ತಿದ್ದರೂ ಸಿಮೆಂಟು ಒದ್ದೆಯಾಗಿತ್ತು. ಮೇಲೆ ಗೋಣಿಚೀಲ ಬೇರೆ ಹೊದಿಸಿತ್ತು.

“ಒಳಗಿಂದ ಸೋರ್ತಿರಬೇಕು ಮೇಡಂ,” ಎಂದ ದಫೇದಾರ.

“ಸೋರಿದ್ರೆ ಸಿಮೆಂಟಿಗೂ ನೊಣ ಮುತ್ತಿರ್ತಿತ್ತು. ಇದು ಮೇಲಿಂದ ಹಾಕಿರೋ ನೀರು. ಯಾರೋ ಗಾರೆ ಕೆಲಸದವನು, ಗಟ್ಟಿಯಾಗ್ಲಿ ಅಂತ ನೀರುಣಿಸ್ತಿದ್ದಾನೆ. ಸಂಜೆ ಮತ್ತೆ ಬರ್ತಾನೆ, ನೋಡ್ತಿರಿ.”

ಬಂದೇ ಬಂದ. ಅದೇ ಬೀದಿಯ ವಯಸ್ಸಾದ ಗಾರೆ ಮೇಸ್ತ್ರಿ, ಕೈಯಲ್ಲಿ ಬಿಂದಿಗೆ. ಪೊಲೀಸರನ್ನು ಕಂಡರೂ ಓಡಲಿಲ್ಲ. ಪೂರ್ತಿ ನೀರು ಹೊಯ್ದೇ ಬಿಂದಿಗೆ ಕೆಳಗಿಟ್ಟ.

“ಕೇಸಾಗಿರೋದು ಗೊತ್ತಿದ್ದೂ ಯಾಕೆ ಬಂದ್ರಿ?”

“ನೀರು ಹಾಕದಿದ್ರೆ ಬಿರುಕು ಬಿಡುತ್ತೆ ಮೇಡಂ. ಆಮೇಲೆ ನನ್ನ ಕೆಲಸಕ್ಕೆ ಏನು ಮರ್ಯಾದೆ?”

ದಫೇದಾರ ನಗು ತಡೆಯಲಾರದೆ ಆಚೆ ತಿರುಗಿದ.

“ಮುಚ್ಚಿದ್ದು ಯಾಕೆ?”

“ಮೊಮ್ಮಗಳಿಗೋಸ್ಕರ. ಬಾವಿ ನೀರು ಕುಡಿದು ವಾಂತಿಭೇದಿ ಆಗಿ ಮೂರು ಸಲ ಆಸ್ಪತ್ರೆ ಸೇರಿದ್ಲು. ಈಗ ನೀರು ಕಂಡ್ರೇ ಮುಖ ತಿರುಗಿಸ್ತಾಳೆ. ಅರ್ಜಿ ಕೊಟ್ಟೂ ಕೊಟ್ಟೂ ನನ್ನ ಚಪ್ಪಲಿ ಸವೆದ್ವು.”

ಮೇಸ್ತ್ರಿಯ ಬಂಧನವಾಯಿತು. ಸುದ್ದಿ ತಿಳಿದ ಮಾಲೀಕ ಸಿಮೆಂಟು ಒಡೆಯಲು ಹಾರೆ ಹಿಡಿದು ಬಂದ.

“ಮುಟ್ಟಬೇಡಿ, ಅದು ಸಾಕ್ಷ್ಯ,” ಎಂದರು ಇನ್ಸ್‌ಪೆಕ್ಟರ್.

ಅವರೇ ಕರೆಸಿದ ಆರೋಗ್ಯಾಧಿಕಾರಿ ಬಾವಿ ನೀರಿನ ಮಾದರಿ ತೆಗೆದುಕೊಂಡರು. ಹೊಲಸು ನೀರು ಶುದ್ಧ ಮಾಡುವ ತೊಟ್ಟಿ ಕಟ್ಟುವವರೆಗೆ ಕಸಾಯಿಖಾನೆ ತೆರೆಯಕೂಡದೆಂದು ಗೇಟಿಗೆ ನೋಟಿಸು ಅಂಟಿಸಿದರು. ಬೀದಿಗೆ ಟ್ಯಾಂಕರ್ ನೀರು ಬಂತು.

ಬುಧವಾರ ಜಾಮೀನು ಕೊಡಿಸಲು ಮೇಸ್ತ್ರಿಯ ಮಗಳು ಠಾಣೆಗೆ ಬಂದಳು, ಸೊಂಟದ ಮೇಲೆ ಕೂಸು. ಮೇಸ್ತ್ರಿ ಆಗಷ್ಟೇ ಲೋಟಕ್ಕೆ ನೀರು ಬಗ್ಗಿಸಿಕೊಂಡಿದ್ದ. ಕೂಸು ನೀರನ್ನು ಮೂಸಿ ನೋಡಿತು, ತಾತನ ಮುಖ ನೋಡಿತು. ಆಮೇಲೆ ಎರಡೂ ಕೈಯಲ್ಲಿ ಲೋಟ ಹಿಡಿದು ಗಟಗಟ ಕುಡಿದು, “ಇನ್ನೂ ಬೇಕು ತಾತಾ,” ಎಂದಿತು.

ಬಂಧನವಾದಾಗಲೂ ಅಲುಗದ ಮೇಸ್ತ್ರಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.