ಅಜ್ಜಿಯ ಹೆಬ್ಬೆಟ್ಟು

"ನಾ ಓದಂಗಿಲ್ಲ ಅಂದ್ರ ಓದಂಗಿಲ್ಲ!"

ರೂಪಾ ಬಾಂಡ್ ಪೇಪರನ್ನು ಚಾಪೆಯ ಮೇಲೆ ಎಸೆದಳು. ಅಜ್ಜಿ ಮುದಕಮ್ಮ ಆಗಲೇ ಹೆಬ್ಬೆರಳಿಗೆ ನೀಲಿ ಮಸಿ ಹಚ್ಚಿಕೊಂಡು ಕೂತಿದ್ದಳು. ದೊಡ್ಡಪ್ಪ ಕೊಟ್ರಬಸಪ್ಪ ಅಜ್ಜಿಯ ಉಯಿಲನ್ನು ಯಲಬುರ್ಗಾದಲ್ಲಿ ಟೈಪ್ ಮಾಡಿಸಿ ತಂದಿದ್ದ. ಸಾಕ್ಷಿ ಹಾಕಲು ಪಕ್ಕದ ಮನೆಯ ಹಾಜಿಸಾಬ ಮತ್ತು ಗುರುಲಿಂಗಮ್ಮ ಬಂದಿದ್ದರು.

ಅಪ್ಪ, ಅವ್ವ ತೀರಿಕೊಂಡ ಮೇಲೆ ರೂಪಾ ಮತ್ತು ಅವಳ ತಮ್ಮ ಗವಿಸಿದ್ದೇಶನಿಗೆ ಅಜ್ಜಿಯೇ ಎಲ್ಲ. ಅಂಥ ಅಜ್ಜಿ ತಾನು ಸತ್ತ ಮೇಲಿನ ಮಾತನ್ನು ಬರೆಸುವುದೇ? ರೂಪಾಗೆ ಬೆಳಗಿನಿಂದ ಸಿಟ್ಟು ನೆತ್ತಿಗೇರಿತ್ತು.

"ಸಾಯೋದನ್ನ ಯಾಕ ಬರಸ್ತಿ? ನನಗ ಸಿಟ್ಟು ಬಂದೈತಿ!"

"ಸಿಟ್ಟಿಲೇ ಓದು. ಓದಿಸಲಾರ್ದ ನಾ ಹೆಬ್ಬೆಟ್ಟು ಒತ್ತಂಗಿಲ್ಲ," ಎಂದಳು ಅಜ್ಜಿ.

ಅಜ್ಜಿಯ ಹಠವೇ ಅದು. ರೇಷನ್ ಕಾರ್ಡಿರಲಿ, ಕರೆಂಟ್ ಬಿಲ್ಲಿರಲಿ, ಆಟ ಬಿಡಿಸಿ ಕರೆದು ಓದಿಸುತ್ತಿದ್ದಳು. ರೂಪಾಗೆ ಅದಕ್ಕೂ ಸಿಟ್ಟು.

"ಬಿಡ ಯವ್ವಾ, ಹುಡುಗಿಗೇನು ತಿಳೀತೈತಿ? ಒತ್ತು ನೀ," ಎಂದ ದೊಡ್ಡಪ್ಪ.

ತಿಳಿಯುವುದಿಲ್ಲವಂತೆ! ರೂಪಾ ಪೇಪರ್ ಕಸಿದುಕೊಂಡು ಗಟ್ಟಿಯಾಗಿ ಓದತೊಡಗಿದಳು.

"ನನ್ನ ಹೊಲ ಇಬ್ಬರು ಮೊಮ್ಮಕ್ಕಳಿಗೂ ಸಮಪಾಲು. ಅವರಿಗೆ ಹದಿನೆಂಟು ವರ್ಷ ತುಂಬುವ ತನಕ ಹೊಲ ಮತ್ತು ಗವಿಸಿದ್ದೇಶ ಕೊಟ್ರಬಸಪ್ಪನ ಸುಪರ್ದಿಗೆ. ರೂಪಾ ಕೊಪ್ಪಳದಲ್ಲಿರುವ ಚಿಕ್ಕಮ್ಮ ಕವಿತಾಳ ಮನೆಗೆ..."

ಅವಳು ಅಲ್ಲಿಗೇ ನಿಲ್ಲಿಸಿ ಅಜ್ಜಿಯತ್ತ ತಿರುಗಿದಳು.

"ತಮ್ಮ ಒಂದ್ ಕಡಿ, ನಾ ಒಂದ್ ಕಡಿನಾ? ನಾವೇನು ಆಡಿನ ಮರಿ ಏನಜ್ಜಿ, ಪಾಲು ಹಂಚಾಕ?"

ಅಜ್ಜಿ ಮಗನನ್ನೇ ದುರುಗುಟ್ಟಿ ನೋಡಿದಳು.

"ಕೊಟ್ರಾ, ನಾ ಏನು ಹೇಳಿ ಕಳಿಸಿದ್ದೆ? ಎರಡೂ ಮಕ್ಕಳು ಕವಿತಾನ ಹತ್ರ ಕೂಡೇ ಇರ್ಲಿ ಅಂದಿದ್ದಿಲ್ಲೇನು?"

"ಗಂಡು ಹುಡುಗ, ನಮ್ಮ ಮನ್ಯಾಗ ಇದ್ರ ಛಲೋ ಅಂತ..."

"ಹುಡುಗ ಛಲೋನೋ, ಹೊಲ ಛಲೋನೋ?"

ದೊಡ್ಡಪ್ಪ ತಲೆ ತಗ್ಗಿಸಿದ. ಹಾಜಿಸಾಬ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, "ಇದಕ್ಕ ನಾ ಸಾಕ್ಷಿ ಹಾಕಂಗಿಲ್ಲಪಾ," ಎಂದ.

ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಗಸಗಸ ಒರೆಸಿದಳು. "ನಾಳೆ ನಾನ ಯಲಬುರ್ಗಾಕ್ಕ ಹೋಗಿ ಬರಸ್ತೀನಿ."

ಸೆರಗಿನ ಮೇಲಿನ ನೀಲಿ ಕಲೆಯನ್ನೇ ರೂಪಾ ನೋಡುತ್ತ ನಿಂತಳು. ಆಮೇಲೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು, ಅಜ್ಜಿಯ ಬೆರಳನ್ನು ತಿಕ್ಕಿ ತಿಕ್ಕಿ ತೊಳೆದಳು.

"ಅಜ್ಜಿ," ಎಂದಳು, "ಮೊದಲನೇ ಬಸ್ಸಿಗೇ ಹೋಗೂಣು. ನಾನೂ ಬರ್ತೀನಿ, ಓದಾಕ."