ಎರಡನೇ ಸಲ ಕೇಳಿದ ಪ್ರಶ್ನೆ

"ನನ್ನ ಮದುವೆ ಆಗ್ತೀರಾ?"

ಮರೆವಿನ ಮೇಡಂ ಕೈಯಲ್ಲಿದ್ದ ಚಹಾ ತುಳುಕಿತು. ನಾಚಿಕೆಯಿಂದಲ್ಲ... ಭಯದಿಂದ!

ಇದೇ ಮನುಷ್ಯ, ಇದೇ ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಇದೇ ಮಾತನ್ನು ಕಳೆದ ವಾರವೂ ಕೇಳಿದ್ದ. ಅವತ್ತು ಬಾಯಿ ತೆರೆಯುವಷ್ಟರಲ್ಲಿ ವಾರ್ಡಿನಿಂದ ಕರೆ ಬಂದು ಅವಳು ಓಡಿದ್ದಳು. ಈಗ ನೋಡಿದರೆ, ಮೊದಲ ಸಲ ಕೇಳುವವನಂತೆ ಕಿವಿ ಕೆಂಪಗೆ ಮಾಡಿಕೊಂಡು ಕೂತಿದ್ದಾನೆ!

ಅವಳು ನರರೋಗ ತಜ್ಞೆ. ಸಂಶೋಧನೆ, ಪಾಠ ಎಲ್ಲವೂ ಮರೆವಿನ ಕಾಯಿಲೆಯ ಬಗ್ಗೆಯೇ. ಹಾಗಾಗಿ ವಿದ್ಯಾರ್ಥಿಗಳು ಇಟ್ಟ ಹೆಸರು ಮರೆವಿನ ಮೇಡಂ. ಅದೇ ವಿಭಾಗದಲ್ಲಿ ಪದಗಳನ್ನು ಹೇಳಿ, ತಿರುಗಿ ಒಪ್ಪಿಸಿಕೊಂಡು ರೋಗಿಗಳ ನೆನಪಿನ ಶಕ್ತಿ ಪರೀಕ್ಷಿಸುವ ಅವನು ಎಲ್ಲರ ಬಾಯಲ್ಲಿ ಮೇಷ್ಟ್ರು.

'ಕೇಳಿದ್ದನ್ನೇ ಕೇಳುವುದು... ಶುರುವಾಗುವುದೇ ಹೀಗಲ್ಲವೇ?'

"ಆಗಲೇ ಕೇಳಿದ್ರಲ್ಲ" ಎಂದುಬಿಡಬಹುದಿತ್ತು. ಆದರೆ ರೋಗಿಗೆ ಸುಳಿವು ಕೊಡಬಾರದು ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುವವಳೇ ಅವಳು!

"ಯೋಚನೆ ಮಾಡಿ ಹೇಳ್ತೀನಿ."

ಅವನ ಮುಖ ಪೆಚ್ಚಾಯಿತು.

ಅಂದಿನಿಂದ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನು ಕನ್ನಡಕ ಹುಡುಕಿದರೆ ಅವಳು ಅದನ್ನೂ ಮನಸ್ಸಿನಲ್ಲೇ ಲಕ್ಷಣಗಳ ಪಟ್ಟಿಗೆ ಸೇರಿಸುತ್ತಿದ್ದಳು. ಅಮ್ಮ ಕೊನೆಗಾಲದಲ್ಲಿ ಅವಳನ್ನೇ "ನೀವ್ಯಾರು?" ಎಂದಿದ್ದಳು. ಇನ್ನೊಂದು ಪ್ರೀತಿಯ ಜೀವದ ಬಾಯಲ್ಲಿ ಅದೇ ಮಾತು ಕೇಳುವ ಶಕ್ತಿ ಅವಳಿಗಿರಲಿಲ್ಲ. ಮದುವೆ ಬೇಡವೆಂದುಬಿಡಲೇ?

ವಿಚಿತ್ರವೆಂದರೆ, ಅವನೂ ಅವಳನ್ನು ಓರೆಗಣ್ಣಿನಿಂದ ನೋಡುತ್ತಿದ್ದ.

"ಬೆಳಿಗ್ಗೆ ಏನು ತಿಂದ್ರಿ? ನಿನ್ನೆ ಪಾಠ ಯಾವುದಿತ್ತು?"

'ಇವನಿಗೇಕೆ ಈ ಉಸಾಬರಿ?'

ಕೊನೆಗೆ ಅವಳು ಅವನ ಕೋಣೆಗೇ ಹೋಗಿ ಬಾಗಿಲು ಹಾಕಿದಳು.

"ಮೇಷ್ಟ್ರೇ, ಕೆಲವು ಪದ ಹೇಳ್ತೀನಿ. ನೆನಪಿಟ್ಕೊಂಡು ತಿರುಗಿ ಹೇಳಿ."

ಅವನು ಕಣ್ಣು ಕಣ್ಣು ಬಿಟ್ಟ. "ನನಗಾ? ಅಯ್ಯೋ ಮೇಡಂ, ನಾನು ನಿಮ್ಮನ್ನ ಪರೀಕ್ಷೆ ಮಾಡ್ತಿದ್ದೀನಿ!"

"ಏನು?!"

"ಅವತ್ತು ಕೇಳಿದ್ಮೇಲೆ ನೀವು ಆ ವಿಷಯಾನೇ ಎತ್ತಲಿಲ್ಲ. ನಿಮ್ಮಮ್ಮನಿಗೆ ಸಣ್ಣ ವಯಸ್ಸಿಗೇ ಶುರುವಾಯ್ತು ಅಂದಿದ್ರಿ. ಮರೆತೇಬಿಟ್ರೇನೋ ಅಂತ ಜೀವ ಬಾಯಿಗೆ ಬಂತು. ಅದಕ್ಕೇ ಅದೇ ಮಾತಲ್ಲಿ ಮತ್ತೆ ಕೇಳಿದೆ. ಆಗಲೇ ಕೇಳಿದ್ರಲ್ಲ ಅಂತೀರೇನೋ ಅಂತ ಕಾದೆ..."

"ನಾಚಿಕೆ ಆಗಿ ಎತ್ತಲಿಲ್ಲ ಕಣ್ರೀ!"

ಅವಳಿಗೆ ನಗು ಬಂತು, ಹಿಂದೆಯೇ ಅಳು. ಇಬ್ಬರೂ ಓದಿದ್ದು ಇಷ್ಟೇ ಉಪಯೋಗಕ್ಕೆ ಬಂತೇ! ಆದರೂ ಅನುಮಾನದ ಕೊನೆಯ ಮುಳ್ಳೊಂದು ಉಳಿದಿತ್ತು.

"ಹಾಗಾದ್ರೆ ಎರಡನೇ ಸಲ ಕೇಳಿದ್ದು ಬರೀ ಪರೀಕ್ಷೆಗಾ?"

"ಅಲ್ಲ. ಹೂಂ ಅಂದಿದ್ರೆ ಮದುವೆ ಆಗೇ ಬಿಡ್ತಿದ್ದೆ."

"ನನಗೆ ಕಾಯಿಲೆ ಅಂದ್ಕೊಂಡೂ?"

"ಅಂದ್ಕೊಂಡೂ."

ಅವಳು ಕುರ್ಚಿ ಎಳೆದು ಅವನೆದುರು ಕೂತಳು. ತಾನು ಹಿಂದೆಗೆಯಲು ಹುಡುಕಿದ ಕಾರಣವೇ ಅವನಿಗೆ ಲೆಕ್ಕಕ್ಕಿರಲಿಲ್ಲ.

"ನಾನು ಅಷ್ಟು ಧೈರ್ಯ ಮಾಡಲಿಲ್ಲ, ಮೇಷ್ಟ್ರೇ... ನಿಮಗೆ ಕಾಯಿಲೆ ಅಂದ್ಕೊಂಡು ಬೇಡ ಅನ್ನೋಕೆ ಹೊರಟಿದ್ದೆ."

"ಈಗ?"

"ಈಗಲೂ ಭಯ ಇದೆ," ಎಂದಳು, ಅವನ ಕೈ ಗಟ್ಟಿಯಾಗಿ ಹಿಡಿದು. "ಆದ್ರೂ ಹೂಂ."