ಅರ್ಧ ಕೊಯ್ದ ಕಸಿ

"ನಿಲ್ಸಿ! ಯಾರ್ರೀ ನೀವು?"

ನೀಲಗಂಗಮ್ಮನ ದನಿಗೆ ಮಾವಿನ ಮರಕ್ಕೆ ಕಟ್ಟಿದ ಅಟ್ಟಣೆ ಮೇಲಿದ್ದವನ ಚಾಕು ನಿಂತೇಬಿಟ್ಟಿತು.

"ಪಾಲಾಕ್ಷ ಅಂತ. ಕೊರವಂಗಲದವ್ನು. ನಿಮ್ಮಪ್ಪಾಜಿಗೆ ಚಳಿಜ್ವರ ಅಲ್ವರಾ, ಕಸಿ ಬಿಡ್ಸಕ್ಕೆ ನನ್ನ ಕರೆಸವ್ರೆ."

ಅದು 1943. ಹೊಳೆನರಸೀಪುರದಲ್ಲಿ ನೀಲಾಳ ಅಪ್ಪಾಜಿ ಪಂಚಾಕ್ಷರಯ್ಯನವರ ಸಸಿತೋಟ. ಕುಂಡದ ನಲವತ್ತು ಮಾವಿನ ಸಸಿಗಳನ್ನ ರಸಪುರಿ ತಾಯಿಮರದ ಕೊಂಬೆಗಳಿಗೆ ಜೋಡಿಸಿ ಕಟ್ಟಿ ಮೂರು ತಿಂಗಳಾಗಿತ್ತು. ಬೆಸೆದ ಕೊಂಬೆಗಳನ್ನ ಇನ್ನು ಮರದಿಂದ ಬಿಡಿಸಬೇಕು. ದೀಪಾವಳಿಗೆ ಅವು ಕೊಣನೂರಿನ ಹೊಸ ತೋಟ ಸೇರಬೇಕು; ಆ ದುಡ್ಡು ಬಂದರೇ ಸಸಿತೋಟ ಉಳಿಯೋದು.

ಸೇರದಿದ್ದರೆ? ಸಸಿತೋಟ ಮುಚ್ಚಿ ಚನ್ನರಾಯಪಟ್ಟಣದ ಚಿಕ್ಕಪ್ಪನ ಜವಳಿ ಅಂಗಡಿಗೆ ಹೋಗೋದು ಅಂತ ಅಪ್ಪಾಜಿ ಹೇಳಿಯಾಗಿತ್ತು. ಅಲ್ಲಿ ಒಂದು ಹೂಕುಂಡ ಇಡೋಕೂ ಜಾಗ ಇಲ್ಲ ಕಣ್ರೀ. ಮಣ್ಣು ಮುಟ್ಟದೆ ನೀಲಾ ಬದುಕೋದು ಹೇಗೆ?

"ಎಲ್ಲಾ ಅರ್ಧರ್ಧ ಕೊಯ್ದಿದ್ದೀರಲ್ಲ... ಅಪ್ಪಾಜಿ ಒಂದೇ ಸಲ ಕತ್ತರಿಸ್ತಾರೆ."

"ಒಂದೇ ಸಲಕ್ಕೆ ಬೆದರ್ತವೆ, ಅಮ್ಮಾವ್ರೇ. ಈಗ ಅರ್ಧ, ಹತ್ತು ದಿನ ಬಿಟ್ಟು ಇನ್ನರ್ಧ. ಅಷ್ಟರಲ್ಲಿ ಸ್ವಂತ ಬೇರಿನ ನೀರು ಕುಡಿಯೋದ ಕಲೀತವೆ. ಊರಲ್ಲಿ ದಸರಾ ಹಬ್ಬ ಮುಗಿಸ್ಕಂಡು ಬತ್ತೀನಿ. ಅಲ್ಲೀಗಂಟ ಮುಟ್ಬೇಡಿ."

ಎಷ್ಟು ಮೆತ್ತಗೆ ಮಾತಾಡ್ತಾನೆ ಅಂದುಕೊಂಡಳು. ಅವನು ಹೋದ ಮೇಲೂ ಆ ದನಿ ಕಿವಿಯಲ್ಲೇ ಉಳಿದಿತ್ತು.

ಮೂರನೇ ದಿನ ಎಲೆಗಳು ಜೋತುಬಿದ್ದವು. ನೀಲಾ ಮರದಡಿಗೆ ಓಡಿದಳು. ಸುಳ್ಳು ಹೇಳಿ ಹೋದನಾ?

ಮರಕ್ಕೆ ಗಾಯವಾದರೆ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಬೇಕು ಅಂತ ಅಪ್ಪಾಜಿಯೇ ಕಲಿಸಿದ್ದರು. ಪಾಪ, ಹುಡುಗಿ ನಲವತ್ತೂ ಗಾಯಕ್ಕೆ ಮೆತ್ತಿ, ಬಾಳೆನಾರು ಸುತ್ತಿಬಿಟ್ಟಳು. ಬುದ್ಧಿ ಇರಲಿಲ್ಲ ಅಂತಲ್ಲ. ಭಯ, ಅಷ್ಟೇ.

ಹತ್ತನೇ ದಿನ ಪಾಲಾಕ್ಷ ನಾರು ಬಿಚ್ಚಿದ. ಕೊಯ್ದ ಗಾಯ ಕೂಡಿಕೊಳ್ಳುತ್ತಿತ್ತು. ಸಸಿಗಳು ಇನ್ನೂ ತಾಯಿಮರದ ನೀರನ್ನೇ ಕುಡಿಯುತ್ತಿದ್ದವು.

ಕಂಬಳಿ ಹೊದ್ದು ಬಂದ ಪಂಚಾಕ್ಷರಯ್ಯ ಕೆಂಡವಾದರು. "ಹತ್ತು ದಿನ ಹಾಳಾಯ್ತಲ್ಲ. ಯಾರು ಮೆತ್ತಿದ್ದು ಇದನ್ನ?"

ಪಾಲಾಕ್ಷ ಬಿಳಿಚಿಕೊಂಡಿದ್ದ ನೀಲಾಳನ್ನ ಒಮ್ಮೆ ನೋಡಿದ.

"ನಾನೇ, ಸಾ. ಊರಿಗೆ ಓಗೋ ಮುಂಚೆ ಮೆತ್ಬುಟ್ಟೆ."

"ನಡಿ ಆಚೆಗೆ."

ಹೇಳು ನೀಲಾ, ಹೇಳು... ಹೇಳಿದರೆ ಅಪ್ಪಾಜಿ ಇನ್ನೆಂದೂ ತೋಟದೊಳಕ್ಕೆ ಬಿಡಲ್ಲ. ಅಷ್ಟರಲ್ಲೇ ಅವನು ಚಾಕು ಸುತ್ತಿಕೊಂಡು ಬೇಲಿ ದಾಟಿದ.

"ಅಪ್ಪಾಜಿ... ಮೆತ್ತಿದ್ದು ನಾನು."

ಪಂಚಾಕ್ಷರಯ್ಯ ಬಿಚ್ಚಿದ ನಾರನ್ನ ಎತ್ತಿ ನೋಡಿದರು. "ಹೋಗು, ಅವನನ್ನ ಕರ್ಕೊಂಡು ಬಾ," ಅಂದರು.

ರಸ್ತೆಯಲ್ಲಿ, ಯುದ್ಧಕಾಲವಾದ್ದರಿಂದ ಪೆಟ್ರೋಲ್ ಬದಲು ಇದ್ದಿಲಿನಲ್ಲಿ ಓಡುವ ಬಸ್ಸು ಆಗಲೇ ಹೊಗೆ ಬಿಡುತ್ತಾ ಬರುತ್ತಿತ್ತು. ನೀಲಾ ಏದುಸಿರು ಬಿಡುತ್ತಾ ಓಡಿದಳು.

"ಯಾಕೆ ನನ್ನ ತಪ್ಪು ಹೊತ್ಕೊಂಡ್ರಿ?"

"ನಂಗೆ ಬೇರೆ ತೋಟ ಸಿಕ್ತದೆ. ನಿಮ್ಗೆ ಸಿಗಾಕಿಲ್ವಲ್ಲ."

ಅವಳ ಕಣ್ಣು ತುಂಬಿತು. "ಸಸಿ ಉಳೀತವಾ?"

"ಗೊತ್ತಿಲ್ಲ. ದೀಪಾವಳಿಗಿನ್ನೂ ಹದಿನಾಲ್ಕು ದಿನ ಅದೆ. ಇವತ್ತೇ ಕೊಯ್ಯಾವ, ಬನ್ನಿ."

ಈ ಸಲ ನೀಲಾ ಕುಂಡ ಹಿಡಿದಳು, ಅವನು ಮತ್ತೆ ಅರ್ಧರ್ಧ ಕೊಯ್ದ. ಆಮೇಲಿನ ಒಂದೊಂದು ದಿನವೂ ಒಂದೊಂದು ಯುಗ. ಹನ್ನೊಂದನೇ ದಿನ ಮರದಿಂದ ಬಿಡಿಸಿದ ಸಸಿಗಳನ್ನ ಇಬ್ಬರೂ ಎರಡು ದಿನ ನೆರಳಲ್ಲಿಟ್ಟು ಕಾದರು. ಎರಡು ಬಾಡಿದವು. ಮೂವತ್ತೆಂಟು ಎಲೆ ಬಿಚ್ಚಿ ನಿಂತವು!

ಸಸಿ ತುಂಬಿದ ಗಾಡಿ ಕೊಣನೂರಿಗೆ ಹೊರಟು, ಸಸಿತೋಟ ಉಳಿದ ಮೇಲೆ ಪಂಚಾಕ್ಷರಯ್ಯ ಗಂಟಲು ಸರಿಮಾಡಿಕೊಂಡರು. "ಪಾಲಾಕ್ಷ, ನಿಮ್ಮವ್ವನ್ನ ಒಂದ್ಸಲ ಕರ್ಕೊಂಡು ಬಾರಪ್ಪ. ಮಾತಾಡೋದಿದೆ." ಮಗಳ ಕಡೆ ನೋಡದೆ ಒಳಗೆ ಹೋದರು.

ಪಾಲಾಕ್ಷನ ಕಿವಿ ಕೆಂಪಾಯಿತು. "ನಿಮ್ಗೆ... ಒಪ್ಗೆನಾ?"

"ಅವತ್ತು ಬಾಯಿ ಬಿಡೋಕೆ ತಡ ಮಾಡಿ ನಿಮ್ಮನ್ನ ಕಳ್ಕೊಳ್ತಿದ್ದೆ. ಇವತ್ತು ತಡ ಮಾಡಲ್ಲ. ನಂಗೆ ನೀವು ಬೇಕು."

"ಅಂಗಾರೆ ನಾಳೇನೇ ಅವ್ವನ್ನ ಕರ್ಕಂಡ್ ಬತ್ತೀನಿ, ನೀಲಾ."